ಪೀಯೂ ಹಕ್ಕಿಯ ಕಾಲುಂಗುರ

ಟ್ರಿಸ್ಟಾನ್ ದ್ವೀಪ,
ಮಂಗಳವಾರ, ಮಾರ್ಚ್ 17, 2009

ತಮ್ಮಾ ಸೆಡ್ರಿಕ್,

ನಿನ್ನ ಹೆಸರಿನ ಹಿಂದೆ ಹೊಡೆದುಹಾಕಿರುವ ಪದ ಯಾವುದೆಂದು ದೀಪಕ್ಕೆ ಹಿಡಿದು ನೋಡುವ ಶ್ರಮ ಬೇಡ. ಅದು ‘ಪ್ರೀತಿಯ’ ಎಂಬುದೇ. ಇಪ್ಪತ್ತು ವರ್ಷದ ಅಭ್ಯಾಸ, ಕೈ ತಾನೇ ಬರೆಯಿತು, ನಾನು ಹೊಡೆದೆ. ನಿನ್ನ ಸೊಂಟನೋವು ಹೇಗಿದೆ? ಮೀನಿನ ಹಡಗಿನಲ್ಲಿ ಹಗ್ಗ ಎಳೆದೂ ಎಳೆದೂ ಬಗ್ಗಲು ಆಗುತ್ತಿಲ್ಲ ಎಂದು ನೀನು ಬರೆದಿದ್ದೆ. ಇನ್ನೂ ಹಾಗೇ ಇದ್ದರೆ ನನಗೇನೂ ಬೇಜಾರಿಲ್ಲ. ಇಲ್ಲಿ ಅಮ್ಮ ಗಟ್ಟಿಯಾಗಿದ್ದಾಳೆ, ಎಂಬತ್ತನಾಲ್ಕಕ್ಕೂ ಕನ್ನಡಕವಿಲ್ಲದೆ ಉಣ್ಣೆ ನೂಲುತ್ತಾಳೆ, ಕಿವಿ ಮಾತ್ರ ತನಗೆ ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುತ್ತದೆ. ನನ್ನ ಮಂಡಿ ಏಣಿ ಹತ್ತುವಾಗ ಕಟಕಟ ಎನ್ನುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ಆಲೂಗಡ್ಡೆ ಈ ಸಲ ಚೆನ್ನಾಗಿ ಬಂತು. ನಿನ್ನ ಪಾಲಿನ ಹೊಲದ್ದನ್ನು ಅಗೆದು ನಾಲ್ಕು ಮನೆಗೆ ಹಂಚಿಬಿಟ್ಟೆ. ನಿನಗೆಂದು ಒಂದು ಚೀಲ ತೆಗೆದಿಡುವ ಪದ್ಧತಿ ಇವತ್ತಿಗೆ ಮುಗಿಯಿತು.

ಪೊಟ್ಟಣದಲ್ಲಿ ಒಂದು ಜೊತೆ ಕಾಲುಚೀಲ ಇದೆ. ಬಿಚ್ಚಿ ನೋಡಿದರೆ ನಿನಗೆ ತಿಳಿಯುತ್ತದೆ. ಬರೀ ಬಿಳಿ. ಮೇಲಂಚಿನಲ್ಲಿ ಒಂದೇ ಒಂದು ಬಣ್ಣದ ಪಟ್ಟಿಯೂ ಇಲ್ಲ. ನಮ್ಮೂರ ಹೆಂಗಸು ಹೆಣೆದ ಕಾಲುಚೀಲದಲ್ಲಿ ಪಟ್ಟಿ ಎಷ್ಟು ಹೆಚ್ಚಿದ್ದರೆ ಅಷ್ಟು ಅಕ್ಕರೆ ಎಂದು ತೊಟ್ಟಿಲ ಮಗುವಿಗೂ ಗೊತ್ತು. ನೀನು ಊರು ಬಿಟ್ಟಾಗ ನಾನು ಏಳು ಪಟ್ಟಿ ಹಾಕಿ ಕೊಟ್ಟಿದ್ದೆ, ನೋಡಿದವರು ಗಂಡನಿಗೂ ಇಷ್ಟು ಹಾಕಿಲ್ಲವಲ್ಲ ಎಂದು ರೇಗಿಸಿದ್ದರು. ಈ ಜೊತೆಗೂ ಐದು ಹಾಕಿದ್ದೆ. ಫೆಬ್ರುವರಿಯಲ್ಲಿ ಕೂತು ಒಂದೊಂದಾಗಿ ಬಿಚ್ಚಿದೆ. ಬಿಚ್ಚುವಾಗ ಬಹಳ ಹಿತವಾಯಿತು, ಸುಳ್ಳೇಕೆ ಹೇಳಲಿ. ಅಂಚೆಮನೆಯಲ್ಲಿ ಪೊಟ್ಟಣ ಕಟ್ಟುವ ಮೊದಲು ಅದನ್ನು ಮೇಜಿನ ಮೇಲೆ ಬೇಕೆಂದೇ ಹರಡಿಟ್ಟಿದ್ದೆ, ಸಾಲಿನಲ್ಲಿ ನಿಂತವರೆಲ್ಲ ನೋಡಲಿ ಎಂದು. ಯಾರೂ ಏನೂ ಕೇಳಲಿಲ್ಲ. ನಿನ್ನ ಅಕಾರ್ಡಿಯನ್ನನ್ನು ದೋಣಿಯ ಹೆಡ್ಲಿಯ ಮೊಮ್ಮಗಳಿಗೆ ಕೊಟ್ಟಿದ್ದೇನೆ. ಅವಳಿಗೆ ನುಡಿಸಲು ಬರುವುದಿಲ್ಲ, ಕಿರೋ ಎಂದು ಅದನ್ನು ಹಿಂಡುತ್ತಾಳೆ, ನನಗೆ ಕೇಳಲು ಬಲು ಇಂಪಾಗಿರುತ್ತದೆ.

ಈಗ ಅಮ್ಮನ ಹುಟ್ಟುಹಬ್ಬದ ವಿಷಯ. ಜನವರಿಯ ಹಡಗಿನಲ್ಲಿ ನೀನು ಕಳಿಸಿದ ಪೆಟ್ಟಿಗೆಯನ್ನು ಹೇಳಿದಂತೆಯೇ ಮುಚ್ಚಿಟ್ಟು, ಫೆಬ್ರುವರಿ ಎರಡರಂದು ಎಲ್ಲರೆದುರು ಅವಳ ಮಡಿಲಿಗೆ ಹಾಕಿದೆ. ಅರ್ಧ ಊರು ನಮ್ಮ ಮನೆಯಲ್ಲಿತ್ತು. ಕುರಿಮಾಂಸ, ಆಲೂಗಡ್ಡೆ ಕೇಕು, ಮೂರು ಥರದ ಪುಡಿಂಗು. ಪೆಟ್ಟಿಗೆಯಿಂದ ಬಳೆ ಹೊರಬಂದಾಗ ನಾನೇ ಮೊದಲು ಚಪ್ಪಾಳೆ ತಟ್ಟಿದವಳು. ಹನ್ನೊಂದು ಉಕ್ಕಿನ ಉಂಗುರ ತಂತಿಯಲ್ಲಿ ಪೋಣಿಸಿ, ಉಜ್ಜಿ ಉಜ್ಜಿ ನೀನು ಬೆಳ್ಳಿಯಂತೆ ಮಾಡಿದ್ದೆ. ‘ಸಮುದ್ರ ಕೊಟ್ಟ ಬೆಳ್ಳಿ, ಅಮ್ಮನ ಕೈಗೆ’ ಎಂದು ಚೀಟಿ ಬೇರೆ. ಅಮ್ಮ ಅದನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು, ಆಮೇಲೆ ಕೈಗೆ ಹಾಕಿಕೊಂಡಳು. ಮಗನ ಉಡುಗೊರೆಯ ಸಂತೋಷ ಎಂದುಕೊಂಡೆವು. ಮರುದಿನದಿಂದ ಊರೆಲ್ಲ ಸುತ್ತಲು ಶುರುಮಾಡಿದಳು ನೋಡು! ವರ್ಷಗಟ್ಟಲೆ ಚರ್ಚಿಗೆ ಬಿಟ್ಟರೆ ಹೊಸಿಲು ದಾಟದವಳು ದಿನಕ್ಕೆರಡು ಮನೆ. ಹೋಗುವುದು, ಚಹಾ ಕೇಳುವುದು, ಮೇಜಿನ ಮೇಲೆ ಕೈ ಇಟ್ಟು, ನನ್ನ ಮಗ ಕಳಿಸಿದ್ದು, ಹತ್ತಿರ ಬಂದು ನೋಡಿ ಎನ್ನುವುದು. ಮುದುಕಿಗೆ ಮಗನ ಹುಚ್ಚು ಹಿಡಿಯಿತು ಎಂದು ನಾನು ನಕ್ಕೆ.

ನನ್ನ ನಗು ನಾಲ್ಕನೆಯ ದಿನ ನಿಂತಿತು. ಹಿಟ್ಟು ಕಲಸುತ್ತೇನೆಂದು ಅಮ್ಮ ಬಳೆ ಬಿಚ್ಚಿ ಕಿಟಕಿಯಲ್ಲಿಟ್ಟಿದ್ದಳು. ಒರೆಸಿಡೋಣ ಎಂದು ತೆಗೆದುಕೊಂಡೆ. ಬೆರಳಿಗೆ ಒಂದು ಕಚ್ಚು ಸಿಕ್ಕಿತು. ಉಂಗುರದ ತುದಿಗಳೆರಡು ಸೇರುವ ಕಡೆ, ಉಗುರು ಸಿಕ್ಕಿಕೊಳ್ಳುವಷ್ಟು ಕಚ್ಚು. ನಿನ್ನ ಭಾವ ಗಸ್‌ನ ಇಕ್ಕಳದ ಬಾಯಿ ಒಂದು ಕಡೆ ಮುಕ್ಕಾಗಿತ್ತು, ನೆನಪಿದೆಯೇ? ಹೊಸದು ತರಿಸಿಕೊಟ್ಟರೂ ಗಸ್ ಮುಟ್ಟಲಿಲ್ಲ. ಅವರು ಗುರುತಿಗೆಂದು ಹಕ್ಕಿಯ ಕಾಲಿಗೆ ನಂಬರಿನ ಉಂಗುರ ಹಾಕಿ ಒತ್ತಿದರೆ ಆ ಕಚ್ಚು ಬಿದ್ದೇ ಬೀಳುತ್ತಿತ್ತು. ಸಂಶೋಧನೆಗೆ ಬಂದವರು ಅದನ್ನು ಗಸ್‌ನ ರುಜು ಎಂದು ಕರೆಯುತ್ತಿದ್ದರು. ಹನ್ನೊಂದರಲ್ಲಿ ಮೂರಕ್ಕೆ ಆ ಕಚ್ಚು ಇತ್ತು. ಉಳಿದ ಎಂಟು ಯಾವ ಯಾವ ದ್ವೀಪದವೋ, ಅಲ್ಲಿ ಯಾರು ಅವುಗಳಿಗಾಗಿ ಕಾದಿದ್ದಾರೋ ನನಗೆ ಗೊತ್ತಿಲ್ಲ.

ಗಸ್‌ನ ಪುಸ್ತಕ ತೆಗೆದೆ. ಅವರು ಸತ್ತು ಐದು ವರ್ಷವಾದರೂ ಆ ಪುಸ್ತಕದಲ್ಲಿ ಬರೆಯುವುದನ್ನು ನಾನು ನಿಲ್ಲಿಸಿಲ್ಲ. ಪ್ರತಿ ಸಲ ನೈಟಿಂಗೇಲ್ ದ್ವೀಪಕ್ಕೆ ಹೋದಾಗ ಗೂಡು ಗೂಡಿಗೆ ಹೋಗಿ ನಂಬರು ನೋಡಿ ‘ಬಂದಿದೆ’ ಎಂದು ಬರೆಯುತ್ತೇನೆ. ನೀನು ಉಜ್ಜಿದ್ದು ಹೊರಗಿನ ಹೊಳಪಷ್ಟೇ, ಅಂಕಿಗಳು ಹಾಗೇ ಇದ್ದವು. ಭೂತಗನ್ನಡಿ ಹಿಡಿದು ಎರಡನ್ನು ಹುಡುಕಿದೆ, ಸಿಕ್ಕವು. ಮೂರನೆಯದೂ ಸಿಕ್ಕಿತು. 1984, ಏಪ್ರಿಲ್, ನೈಟಿಂಗೇಲ್‌ನ ಪಶ್ಚಿಮದ ಬಂಡೆ, ಪೀಯೂ ಕಡಲಹಕ್ಕಿಯ ಮರಿ. ಪಕ್ಕದಲ್ಲಿ ಗಸ್ ಬರೆದಿದ್ದಾರೆ: ‘ಸೆಡ್ರಿಕ್ ಹಿಡಿದುಕೊಂಡಿದ್ದ. ಅವನ ಮುಖದ ಮೇಲೆ ಎಣ್ಣೆ ಕಾರಿತು.’ ನಿನಗೆ ಇಪ್ಪತ್ತೇಳು ಆಗ. ಒಂದು ವಾರ ಸ್ನಾನ ಮಾಡಿದರೂ ನಿನ್ನ ಮೈಯಿಂದ ಆ ಮೀನಿನ ವಾಸನೆ ಹೋಗಲಿಲ್ಲ, ಅಮ್ಮ ನಿನ್ನನ್ನು ಹಗೇವಿನಲ್ಲಿ ಆಲೂಗಡ್ಡೆಯ ಜೊತೆ ಮಲಗಿಸಿದ್ದಳು. ಆ ಮರಿ ಸಮುದ್ರಕ್ಕೆ ಹೋಗಿ, ಹನ್ನೆರಡು ವರ್ಷ ಬಿಟ್ಟು ಅದೇ ಬಂಡೆಗೆ ವಾಪಸು ಬಂತು, ಜೊತೆ ಕಟ್ಟಿತು. ಆಮೇಲೆ ಒಂದು ವರ್ಷ ಬಿಟ್ಟು ಒಂದು ವರ್ಷ ಗಸ್‌ನ ಅಕ್ಷರದಲ್ಲಿ ‘ಬಂದಿದೆ’, ‘ಬಂದಿದೆ’, ‘ಬಂದಿದೆ’. ಕೊನೆಯ ಎರಡು ನನ್ನ ಅಕ್ಷರ. ಹೋದ ನವೆಂಬರಿನಲ್ಲಿ ಅದು ಮೊಟ್ಟೆಯ ಮೇಲೆ ಕೂತಿದ್ದಾಗ ನಾನು ಎರಡು ಮಾರು ದೂರದಲ್ಲಿ ಕೂತು ರೊಟ್ಟಿ ತಿಂದಿದ್ದೆ. ನಿನ್ನ ಕೈಯಲ್ಲಿ ಉಂಗುರ ತೊಟ್ಟ ಹಕ್ಕಿ ಎಂದು ಅದಕ್ಕೆ ನಿನ್ನ ಸುದ್ದಿ ಬೇರೆ ಹೇಳಿದ್ದೆ. ಎಂಥ ಪೆದ್ದಿ ನಾನು.

ಫೆಬ್ರುವರಿಯ ಕೊನೆಯಲ್ಲಿ ಹೆಡ್ಲಿಯ ದೋಣಿಯಲ್ಲಿ ನೈಟಿಂಗೇಲಿಗೆ ಹೋದೆ. ಬಂಡೆಯ ಮೇಲೆ ಗೂಡು ಹಾಗೇ ಇತ್ತು. ಒಳಗೆ ಬೂದು ತುಪ್ಪುಳದ ಒಂದು ಹಿಡಿ, ಒಣಗಿದ್ದು. ಒಂದು ಹಕ್ಕಿ ಮೀನು ತರಲು ಹೋದರೆ ಇನ್ನೊಂದು ಮರಿಯ ಮೇಲೆ ಕೂರಬೇಕು, ಹೋದದ್ದು ಬರದಿದ್ದರೆ ಕೂತದ್ದು ಎಷ್ಟು ದಿನ ಹಸಿದುಕೊಂಡು ಕೂತೀತು? ಅದೂ ಎದ್ದು ಹೋಗಬೇಕಾಗುತ್ತದೆ, ಮರಿ ಮುಗಿದಂತೆಯೇ. ಆ ಒಂಟಿ ಹಕ್ಕಿ ಗೂಡಿನ ಪಕ್ಕದಲ್ಲೇ ನಿಂತಿತ್ತು. ಕತ್ತು ಆಕಾಶಕ್ಕೆ ಎತ್ತಿ ಪೀ... ಯೂ ಎಂದು ಕೂಗುವುದು, ಸುಮ್ಮನಾಗುವುದು, ಮತ್ತೆ ಕೂಗುವುದು. ಪೀ ಎಂದದ್ದಕ್ಕೆ ಮೇಲಿನಿಂದ ಜೊತೆ ಹಾರುತ್ತ ಉತ್ತರ ಕೊಡಬೇಕು, ಅದು ನಿನಗೂ ಗೊತ್ತು. ನಾನು ಮಧ್ಯಾಹ್ನದವರೆಗೂ ಕೂತಿದ್ದೆ. ಉತ್ತರ ಕೊಡಬೇಕಾದದ್ದರ ಉಂಗುರ ಅಮ್ಮನ ಕೈಯಲ್ಲಿ ಹೊಳೆಯುತ್ತ ಊರು ಸುತ್ತುತ್ತಿತ್ತಲ್ಲ! ಆ ದ್ವೀಪಕ್ಕೆ ಒಂದು ಇಲಿಯೂ ಹೋಗಬಾರದೆಂದು ನಾವು ಪ್ರತಿ ಚೀಲವನ್ನೂ ಕೊಡವಿ, ಪ್ರತಿ ಬೂಟನ್ನೂ ಬಗ್ಗಿಸಿ ನೋಡಿ ದೋಣಿ ಹತ್ತುತ್ತೇವೆ. ಇಲಿಯಿಂದ ಕಾಪಾಡಿದೆವು, ನಿನ್ನಿಂದ ಕಾಪಾಡಲು ಆಗಲಿಲ್ಲ.

ನೀನು ಏನು ಹೇಳುತ್ತೀ ಎಂದು ನನಗೆ ಗೊತ್ತು. ನಾವೂ ಪೀಯೂ ಮರಿ ತಿಂದವರಲ್ಲವೇ, ಅಮ್ಮ ಹುರಿದು ಬಡಿಸಿಲ್ಲವೇ ಎನ್ನುತ್ತೀ. ತಿಂದಿದ್ದೇವೆ. ಹಡಗು ಎಂಟು ತಿಂಗಳು ಬರದ ವರ್ಷಗಳಲ್ಲಿ ತಿಂದಿದ್ದೇವೆ, ತಿಂದದ್ದಕ್ಕೆ ನಾಚಿದ್ದೂ ಇದೆ, ನಿಲ್ಲಿಸಿದ್ದೂ ಇದೆ. ತೊಟ್ಟುಕೊಂಡು ಮೆರೆದಿರಲಿಲ್ಲ. ಹಕ್ಕಿಗಳು ತಾವಾಗಿ ಬಂದು ಗಾಳಕ್ಕೆ ಬಿದ್ದವು ಎಂದೂ ಹೇಳಬೇಡ. ಮೂರು ವರ್ಷದ ಹಿಂದೆ ನೀನೇ ಬರೆದಿದ್ದೆ. ಗಾಳದ ಹಗ್ಗ ನೀರಿಗೆ ಬಿಡುವಾಗ ಹಕ್ಕಿ ಹೆದರಿಸಲು ಹಿಂದೆ ಬಣ್ಣದ ಪಟ್ಟಿಗಳ ಹಗ್ಗ ಹಾರಿಸಬೇಕಂತೆ, ಕತ್ತಲಲ್ಲೇ ಗಾಳ ಬಿಡಬೇಕಂತೆ, ಅದೆಲ್ಲ ತಪಾಸಣೆಯವನು ಹಡಗಿನಲ್ಲಿದ್ದಾಗ ಮಾತ್ರ, ಅವನು ಇಳಿದ ತಕ್ಷಣ ನಮ್ಮ ನಾಯಕ ಅದನ್ನು ಬಿಚ್ಚಿಸಿ ಒಗೆದ ಬಟ್ಟೆ ಒಣಗಿಸಲು ಕಟ್ಟುತ್ತಾನೆ ಎಂದು. ಬಟ್ಟೆ ಒಣಗಿಸುವ ಮಾತಿಗೆ ನಾನು ನಕ್ಕಿದ್ದೆ. ಗಟ್ಟಿಯಾಗಿ ಓದಿ ಅಮ್ಮನನ್ನೂ ನಗಿಸಿದ್ದೆ. ಆ ನಗುವಿನ ಸಿಟ್ಟೂ ಈಗ ನಿನ್ನ ಮೇಲೆಯೇ ಇದೆ. ಗಾಳ ನುಂಗಿದ ಹಕ್ಕಿಯನ್ನು ಹಗ್ಗ ನೀರಿನೊಳಕ್ಕೆ ಎಳೆದುಕೊಂಡು ಹೋಗುತ್ತದೆ, ಅದು ಮುಳುಗಿ ಸಾಯುತ್ತದೆ. ಮೇಲೆ ಬಂದಾಗ ಕಾಲು ಕತ್ತರಿಸಿ ಉಂಗುರ ತೆಗೆದವನು ನೀನು. ಬೆರಳಿಗೆ ಆ ಕಚ್ಚು ತಗಲಲಿಲ್ಲವೇ? ಮೂರು ಸಲ?

ಇಷ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ನಾನು ಹಲ್ಲು ಕಚ್ಚಿ ಕೂತಿದ್ದಾಗ, ಈ ಶನಿವಾರ ಬಂದ ಹಡಗಿನಲ್ಲಿ ನಿನ್ನ ಅರ್ಜಿ ಬಂತು. ಓದಿ ಮೈಯೆಲ್ಲ ಉರಿದುಹೋಯಿತು. ಸೊಂಟ ಹೋಯಿತು, ಹಡಗು ಸಾಕಾಯಿತು, ಊರಿಗೆ ಬರುತ್ತೇನೆ, ಹಕ್ಕಿ ಕಾವಲಿನ ಕೆಲಸ ಖಾಲಿ ಇದೆಯಂತೆ, ಭಾವನ ಕೆಲಸ ನನಗೇ ಸಿಗುವಂತೆ ಮಾಡು ಅಕ್ಕಾ! ಭಾವನ ಕೆಲಸ. ಭಾವನ ದುರ್ಬೀನು, ಭಾವನ ಪುಸ್ತಕ, ಭಾವನ ಇಕ್ಕಳ. ‘ಹಕ್ಕಿಗಳ ಜೊತೆ ನನಗೆ ದೀರ್ಘಕಾಲದ ಅನುಭವವಿದೆ’ ಎಂದು ಬರೆದ ಕೈಗೆ ನಡುಕ ಬರಲಿಲ್ಲವೇ? ಆಯ್ಕೆ ಮಾಡುವವರು ಮೂವರು: ಹೆಡ್ಲಿ, ಶಾಲೆಯ ಟೀಚರಮ್ಮ ಮತ್ತು ನಾನು. ನಾಳೆ ಬೆಳಿಗ್ಗೆ ಸಭೆ. ಬೇರೆ ಅರ್ಜಿ ಒಂದೂ ಇಲ್ಲ, ಆದ್ದರಿಂದ ನಿನ್ನ ಹೆಸರು ಬಂದೇ ಬರುತ್ತದೆ. ಬರಲಿ. ಗಸ್‌ನ ಪುಸ್ತಕ ಮೇಜಿನ ಮೇಲೆ ತೆರೆದಿಡುತ್ತೇನೆ, ನಿನ್ನ ಆ ಹಳೆಯ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ, ಬಟ್ಟೆ ಒಣಗಿಸುವ ಸಾಲನ್ನು ಎರಡು ಸಲ ಓದುತ್ತೇನೆ. ಆಮೇಲೆ ಕೈ ಎತ್ತಿ ಬೇಡ ಎನ್ನುತ್ತೇನೆ. ಈ ಊರಿನಲ್ಲಿ ಹುಟ್ಟಿದವನನ್ನು ಊರಿಗೆ ಬರಬೇಡ ಎನ್ನಲು ನನಗೆ ಅಧಿಕಾರವಿಲ್ಲ, ಇದ್ದಿದ್ದರೆ ಅದನ್ನೂ ಹೇಳುತ್ತಿದ್ದೆ. ಕೇಪ್‌ಟೌನಿನ ಬಾಡಿಗೆ ಕೋಣೆಯಲ್ಲಿ ಸೊಂಟ ಹಿಡಿದುಕೊಂಡು ಕೂತಿರು. ಒಂದು ತಿಂಗಳಿಂದ ನಾನು ಕಾಯುತ್ತಿದ್ದದ್ದು ಇಂಥ ಒಂದು ದಿನಕ್ಕಾಗಿಯೇ.

ಅಮ್ಮನಿಗೆ ಏನೂ ಹೇಳಿಲ್ಲ. ಸಿಟ್ಟು ನಿನ್ನ ಮೇಲೆ, ಅವಳ ಮೇಲಲ್ಲ. ಅವಳು ಆ ಬಳೆ ಹಾಕಿಕೊಂಡು ಮಲಗುತ್ತಾಳೆ, ಹಾಕಿಕೊಂಡೇ ಪ್ರಾರ್ಥನೆ ಮಾಡುತ್ತಾಳೆ. ಅವಳ ಪಕ್ಕ ಕೂತು ಊಟ ಮಾಡುವಾಗ ನಾನು ಗೋಡೆ ನೋಡುತ್ತೇನೆ. ಮಗ ಒಳ್ಳೆಯವನು ಎಂದುಕೊಂಡೇ ಅವಳು ಕಣ್ಣು ಮುಚ್ಚಲಿ, ನಿನಗಾಗಿ ಅಲ್ಲ, ಅವಳಿಗಾಗಿ. ನಾಳೆಯ ಸಭೆಯ ಮಾತು ಹೊರಗೆ ಬಾರದಂತೆ ಹೆಡ್ಲಿಯಿಂದ ಮಾತು ತೆಗೆದುಕೊಳ್ಳಬೇಕು. ಫೋನು ಮಾಡಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಕರಗುತ್ತೇನೆ ಎಂದು ನಿನಗೆ ಗೊತ್ತು, ನನಗೂ ಗೊತ್ತು, ಕರಗಲು ನನಗೆ ಇಷ್ಟವಿಲ್ಲ.

ದೇವರು ನಿನಗೆ ದೀರ್ಘಾಯುಸ್ಸು ಕೊಡಲಿ. ಕಿವಿಯೂ ಕೊನೆಯವರೆಗೆ ಚೆನ್ನಾಗಿ ಕೇಳಿಸಲಿ.

ನಿನ್ನ ಅಕ್ಕ,
ವಿನ್ನಿ

ಮತ್ತೆ: ಬುಧವಾರ, ಮಧ್ಯಾಹ್ನ. ಲಕೋಟೆ ಅಂಟಿಸಿದ್ದನ್ನು ಕಿತ್ತು ಬರೆಯುತ್ತಿದ್ದೇನೆ, ಸಮುದ್ರ ಏಳುವ ಹಾಗಿದೆ ಎಂದು ಹಡಗು ನಾಳೆಯ ಬದಲು ಇವತ್ತೇ ಹೊರಡುತ್ತದಂತೆ, ಅಂಚೆ ಚೀಲದವನು ಬಾಗಿಲಲ್ಲಿ ನಿಂತಿದ್ದಾನೆ. ಸಭೆ ಶುರುವಾಗಿ ನಾನು ಪುಸ್ತಕ ತೆರೆಯುವಷ್ಟರಲ್ಲಿ ಅಮ್ಮ ಕೋಲೂರಿಕೊಂಡು ಒಳಗೆ ಬಂದಳು. ನಾನು ಪುಸ್ತಕ ಮುಚ್ಚಿದೆ. ಅವಳು ಹೇಳಿದಳು, “ತೆಗೆಯೇ ವಿನ್ನಿ, ನಂಗೆ ಗೊತ್ತಿಲ್ದೇ ಇರೋದು ಅದ್ರಲ್ಲೇನೂ ಇಲ್ಲ.” ಹುಟ್ಟುಹಬ್ಬದ ದಿನ ಬಳೆ ಕೈಗೆ ಬಂದ ಕೂಡಲೇ ಅವಳಿಗೆ ತಿಳಿದಿತ್ತಂತೆ. ಗಸ್‌ನ ಇಕ್ಕಳ ಮುಕ್ಕಾದದ್ದೇ ನಮ್ಮ ಅಡುಗೆಮನೆಯ ಕಲ್ಲಿನ ಮೇಲೆ ಅವಳೇ ಬೀಳಿಸಿ, ಆ ಕಚ್ಚು ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಮನೆಮನೆಗೆ ಹೋದದ್ದು ಮಗನ ಹೆಮ್ಮೆಗಲ್ಲ. ಹತ್ತಿರ ಬಂದು ನೋಡಿ ಎಂದದ್ದು ಅಂಕಿ ಓದಿ ಎಂದು. ಎಲ್ಲರೂ ಓದಿದ್ದಾರೆ ಸೆಡ್ರಿಕ್, ಊರಿನ ಒಂದು ಮನೆಯೂ ಬಾಕಿಯಿಲ್ಲ. ನನಗೆ ನೋವಾಗುತ್ತದೆ ಎಂದು ಅವರು ನನ್ನೆದುರು ಬಾಯಿ ಬಿಡಲಿಲ್ಲ, ಅಂಚೆಮನೆಯ ಸಾಲಿನಲ್ಲಿ ಯಾರೂ ಕಾಲುಚೀಲದ ಮಾತು ಎತ್ತದಿದ್ದದ್ದು ಅದಕ್ಕೇ. ಗುಟ್ಟು ಕಾಯುತ್ತಿದ್ದವಳು ನಾನೊಬ್ಬಳೇ.

ನಾನು ಬೇಡ ಎಂದು ಕೈ ಎತ್ತಿದೆ. ಅಮ್ಮ ನನ್ನ ಕೈಯನ್ನು ಹಿಡಿದು ಕೆಳಗಿಳಿಸಿದಳು. ಅವಳು ಆಡಿದ್ದನ್ನು ಹಾಗೇ ಬರೆಯುತ್ತೇನೆ. “ಬ್ಯಾಡ ಅಂದ್ರೆ ಅವ್ನು ಅಲ್ಲೇ ಕೂತ್ಕೊಂಡು ನಿನ್ನ ಬೈಕೊಂಡು ಹಾಯಾಗಿರ್ತಾನೆ. ಅಷ್ಟು ಸಸಾರಕ್ಕೆ ಬಿಡ್ತೀಯ? ಆ ಕೆಲ್ಸ ಅವ್ನಿಗೇ ಕೊಡಿ. ಸೊಂಟ ನೋವಿದ್ರೂ ಬಂಡೆ ಹತ್ಲಿ. ಒಂದೊಂದ್ ಗೂಡಿನ ಮುಂದೂ ನಿಂತ್ಕೊಂಡು, ಜೊತೆ ಸತ್ತಿದ್ದು ಕೂಗೋದು ಕೇಳ್ಲಿ. ಆಮೇಲೆ ಗಸ್ ಪುಸ್ತಕದಲ್ಲಿ ಆ ನಂಬರಿನ ಮುಂದೆ ‘ಬಂದಿಲ್ಲ’ ಅಂತ ತನ್ನ ಕೈಯಾರೆ ಬರೀಲಿ. ವರ್ಷಾ ವರ್ಷಾ ಬರೀಲಿ.” ಟೀಚರಮ್ಮ ಮೊದಲು ಕೈ ಎತ್ತಿದರು, ಆಮೇಲೆ ಹೆಡ್ಲಿ, ಕೊನೆಗೆ ನಾನು. ನಾನು ಹೆಣೆದ ಸೇಡು ಅವಳದರ ಮುಂದೆ ಏನೂ ಅಲ್ಲ, ಹೊಟ್ಟೆಯುರಿಯಿಂದಲೇ ಒಪ್ಪಿಕೊಳ್ಳುತ್ತೇನೆ.

ಆದ್ದರಿಂದ ಕೆಲಸ ನಿನ್ನದು. ಷರತ್ತು ಒಂದೇ. ಮೇ ತಿಂಗಳ ಹಡಗು ಹತ್ತುವ ಮೊದಲು ಕೇಪ್‌ಟೌನಿನ ತಪಾಸಣೆ ಕಚೇರಿಗೆ ಹೋಗಿ, ಬಣ್ಣದ ಹಗ್ಗ ಬಿಚ್ಚಿಸಿದವನು ಯಾರು, ಗಾಳ ಬಿಟ್ಟದ್ದು ಎಲ್ಲಿ, ಯಾವ ದಿನ, ಎಲ್ಲ ಬರೆದುಕೊಟ್ಟು ರುಜು ಹಾಕಬೇಕು. ಹನ್ನೊಂದೂ ನಂಬರನ್ನು ಹೆಡ್ಲಿ ಇವತ್ತು ಬೆಳಿಗ್ಗೆಯೇ ಅಲ್ಲಿಗೆ ಕಳಿಸಿಯಾಗಿದೆ, ನೀನು ಹೋದರೂ ಹೋಗದಿದ್ದರೂ ಅವರು ನಿನ್ನನ್ನು ಹುಡುಕುತ್ತಾರೆ. ಬಳೆಯನ್ನು ಸಾಕ್ಷಿಗೆ ಕಳಿಸೋಣ ಎಂದರೆ ಅಮ್ಮ ಕೊಡಲಿಲ್ಲ. ಬಂದರಿನಲ್ಲಿ ಅಲೆ ಎತ್ತಿ ಹಾಕುವಾಗ ದೋಣಿಯಿಂದ ದಕ್ಕೆಗೆ ಹಾರುವವರಿಗೆ ಯಾರಾದರೂ ಕೈ ಕೊಡಲೇಬೇಕಲ್ಲ, ನಿನಗೆ ಅವಳೇ ಕೈ ಕೊಡುತ್ತಾಳಂತೆ. ಬಳೆ ಇರುವ ಕೈಯನ್ನು.